ಲಿಸ್ಬನ್ನಿನ ಏರು, ಇಳಿತ, ಜೇಬಿನ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋರ್ಚುಗಲ್ಲಿಗೆ ಹೊರಟ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಫೋನಿನಲ್ಲೂ ವಾಟ್ಸಾಪಿನಲ್ಲೂ ಕೇಳುತ್ತಾ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ದರಗಳೆಲ್ಲ 2025ರವು. ಟಿಕೆಟ್ ದರ ಸಾಮಾನ್ಯವಾಗಿ ಹೊಸ ವರ್ಷಕ್ಕೆ ಐದೋ ಹತ್ತೋ ಸೆಂಟ್ ಏರುತ್ತದೆ. ಅಷ್ಟು ಸೇರಿಸಿಕೊಂಡು ಓದಿ.

## ಹೊರಡುವ ಮೊದಲು

ಲಿಸ್ಬನ್ ಅಂದ್ರೆ ಬರೀ ಹತ್ತೋದು ಇಳಿಯೋದು ಅಂತಾರೆ. ಫೋಟೋದಲ್ಲಿ ನೋಡಿದ್ರೆ ಚಪ್ಪಟೆ ಊರಿನ ಹಾಗೆ ಕಾಣುತ್ತಲ್ಲ?

ಎರಡೂ ನಿಜ. ನೀವು ಫೋಟೋದಲ್ಲಿ ನೋಡಿದ ದೊಡ್ಡ ಚೌಕ, ನೇರ ಬೀದಿಗಳು ಬಾಯ್ಶಾ ಎಂಬ ಭಾಗದವು. ಬಾಯ್ಶಾ ಎಂದರೆ ತಗ್ಗು ಎಂದೇ ಅರ್ಥ. 1755ರ ನವೆಂಬರ್ 1ರಂದು ಭೂಕಂಪ, ಅದರ ಹಿಂದೆ ಬೆಂಕಿ, ನದಿಯಿಂದ ನುಗ್ಗಿದ ಅಲೆ, ಮೂರೂ ಸೇರಿ ಆ ತಗ್ಗನ್ನು ನೆಲಸಮ ಮಾಡಿದವು. ಆಮೇಲೆ ರಾಜನ ಮಂತ್ರಿ ಮಾರ್ಕ್ವಿಸ್ ಪೊಂಬಾಲ್ ಅದನ್ನು ಚದುರಂಗದ ಮಣೆಯ ಹಾಗೆ ಕಟ್ಟಿಸಿದ. ಈ ತಗ್ಗಿನ ಪೂರ್ವಕ್ಕೆ ಕೋಟೆಯ ಗುಡ್ಡ, ಅಲ್ಫಾಮಾ, ಗ್ರಾಸಾ. ಪಶ್ಚಿಮಕ್ಕೆ ಶಿಯಾದು ಮತ್ತು ಬಾಯ್ರು ಆಲ್ತು, ಅಂದರೆ ಮೇಲಿನ ಕೇರಿ. ದಕ್ಷಿಣಕ್ಕೆ ತೇಜು ನದಿ. ಈ ನಕ್ಷೆ ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿಯಿತು: ನಡುವೆ ಬೋಗುಣಿ, ಎರಡು ಕಡೆ ಅಂಚು, ಮುಂದೆ ನೀರು.

ಬೋಗುಣಿಯ ಒಂದು ಅಂಚಿನಿಂದ ಕೆಳಗಿಳಿದು ಇನ್ನೊಂದು ಅಂಚಿಗೆ ದಿನಕ್ಕೆ ಮೂರು ಸಲ ಹತ್ತುವವರು ಸುಸ್ತಾಗುತ್ತಾರೆ. ಸುಸ್ತಾದಾಗ ಟ್ಯಾಕ್ಸಿ ಕರೆಯುತ್ತಾರೆ, ಸಿಕ್ಕಿದ ಹೋಟೆಲಿನಲ್ಲಿ ಕೂರುತ್ತಾರೆ, ದುಡ್ಡು ಅಲ್ಲಿ ಹೋಗುತ್ತದೆ. ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ದಿನಕ್ಕೆ ಒಂದೇ ಗುಡ್ಡ ಇಟ್ಟುಕೊಳ್ಳಿ. ಏರನ್ನು ಬಸ್ಸೋ ಟ್ರಾಮೋ ಲಿಫ್ಟೋ ಮಾಡಲಿ, ಇಳಿಜಾರನ್ನು ನಿಮ್ಮ ಕಾಲು ಮಾಡಲಿ.

ಸುತ್ತಿ ಬಳಸಬೇಡಿ, ಒಬ್ಬರಿಗೆ ದಿನಕ್ಕೆ ಎಷ್ಟಾಗುತ್ತೆ ಅಂತ ಒಂದು ನಂಬರ್ ಹೇಳಿ.

ವಿಮಾನ, ವೀಸಾ ಬಿಟ್ಟು ಸುಮಾರು 100 ಯೂರೋ. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೆ ಬಾಯಿಲೆಕ್ಕ ಸುಲಭ: ದಿನಕ್ಕೆ ಹತ್ತು ಸಾವಿರ ರೂಪಾಯಿ.

ಇಬ್ಬರು ಹಂಚಿಕೊಳ್ಳುವ ಸಾಧಾರಣ ಕೋಣೆಯಲ್ಲಿ ನಿಮ್ಮ ಪಾಲು 50, ಊಟ ತಿಂಡಿ ಕಾಫಿಗೆ 25, ಓಡಾಟಕ್ಕೆ 7, ಒಂದು ಟಿಕೆಟ್ ಇರುವ ಜಾಗಕ್ಕೆ 15, ಊರಿನ ಪ್ರವಾಸಿ ತೆರಿಗೆ 4. ಈ ತೆರಿಗೆಯನ್ನು ಬಹಳ ಜನ ಮರೆಯುತ್ತಾರೆ. 2024ರ ಸೆಪ್ಟೆಂಬರಿನಿಂದ ತಲೆಗೆ ರಾತ್ರಿಗೆ 4 ಯೂರೋ, ಗರಿಷ್ಠ ಏಳು ರಾತ್ರಿಗೆ. ಬುಕ್ ಮಾಡುವಾಗ ಕಾಣದೆ ಚೆಕ್-ಇನ್ ಹೊತ್ತಿಗೆ ಕೇಳುವುದೂ ಉಂಟು. ನಾಲ್ಕು ದೊಡ್ಡವರು ಐದು ರಾತ್ರಿ ಇದ್ದರೆ 80 ಯೂರೋ. ಸಣ್ಣ ಮೊತ್ತವಲ್ಲ.

ಹಾಸ್ಟೆಲಿನ ಹಾಸಿಗೆ, ಸೂಪರ್ ಮಾರ್ಕೆಟಿನ ಬ್ರೆಡ್ಡು ಹಣ್ಣು ಮೊಸರು, ಟಿಕೆಟ್ ಇಲ್ಲದ ಜಾಗಗಳು ಎಂದರೆ 60ರಲ್ಲೂ ದಿನ ಕಳೆಯುತ್ತದೆ. ವಿದ್ಯಾರ್ಥಿಗಳು ಹಾಗೆ ಮಾಡಿ ಖುಷಿಯಾಗಿಯೇ ಬಂದಿದ್ದಾರೆ.

ಬೆಂಗಳೂರಿನಿಂದ ಡೈರೆಕ್ಟ್ ಫ್ಲೈಟ್ ಇದೆಯಾ? ವೀಸಾ ಖರ್ಚು ಎಷ್ಟು?

ನೇರ ವಿಮಾನ ಇಲ್ಲ. ದುಬೈ, ದೋಹಾ, ಫ್ರಾಂಕ್‌ಫರ್ಟ್, ಪ್ಯಾರಿಸ್ ಹೀಗೆ ಎಲ್ಲಾದರೂ ಒಂದು ಕಡೆ ಬದಲಿಸಬೇಕು. ಷೆಂಗನ್ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೇಸಿಗೆ ರಜೆಗೆ ಹೋಗುವವರು ಅಪಾಯಿಂಟ್‌ಮೆಂಟನ್ನು ಎರಡು ಮೂರು ತಿಂಗಳು ಮೊದಲೇ ಹಿಡಿಯಿರಿ.

ಯಾವ ತಿಂಗಳು ಒಳ್ಳೇದು? ನಮಗೆ ಮಕ್ಕಳ ರಜೆ ಏಪ್ರಿಲ್-ಮೇ.

ನಿಮ್ಮ ರಜೆಯೇ ಒಳ್ಳೆಯ ಕಾಲ. ಗುಡ್ಡ ಹತ್ತುವ ಊರಿನಲ್ಲಿ ಬಿಸಿಲಿಗಿಂತ ದೊಡ್ಡ ಖರ್ಚಿಲ್ಲ. ಜುಲೈ, ಆಗಸ್ಟಿನಲ್ಲಿ 35 ಡಿಗ್ರಿ ದಾಟುವ ದಿನಗಳಿರುತ್ತವೆ, ಕೋಣೆ ಬಾಡಿಗೆಯೂ ಆಗಲೇ ಹೆಚ್ಚು. ನವೆಂಬರಿನಿಂದ ಫೆಬ್ರವರಿವರೆಗೆ ಅಗ್ಗ, ಆದರೆ ಮಳೆ. ಹಳೆಯ ಮನೆಗಳು ಒಳಗೆ ಹೊರಗಿಗಿಂತ ತಣ್ಣಗಿರುತ್ತವೆ, ಸ್ವೆಟರ್ ಹಾಕಿಕೊಂಡೇ ಮಲಗಬೇಕಾದೀತು.

ಮೇ ಕೊನೆ, ಜೂನ್ ಮೊದಲಲ್ಲಿ ಲಿಸ್ಬನ್ನಿನ ಬೀದಿಗಳಲ್ಲಿ ಜಕರಾಂಡ ಅರಳುತ್ತದೆ. ಬೆಂಗಳೂರಿನಲ್ಲಿ ಫೆಬ್ರವರಿ-ಮಾರ್ಚಿನಲ್ಲಿ ಕಂಡ ಅದೇ ನೇರಳೆ, ಅದೇ ದಕ್ಷಿಣ ಅಮೆರಿಕದ ಮರ. ಒಂದೇ ವರ್ಷದಲ್ಲಿ ಎರಡು ಸಲ ನೋಡುವ ಭಾಗ್ಯ. ಜೂನ್ 12ರ ರಾತ್ರಿ ಸಂತ ಆಂತೋನಿಯ ಹಬ್ಬ. ಅಲ್ಫಾಮಾದ ಸಂದಿಗೊಂದಿಯಲ್ಲೆಲ್ಲ ಮೀನು ಸುಡುತ್ತಾರೆ, ಕಾಲಿಡಲು ಜಾಗ ಇರುವುದಿಲ್ಲ. ಹಬ್ಬಕ್ಕೆಂದೇ ಹೋಗುವುದಾದರೆ ಹೋಗಿ. ಶಾಂತವಾಗಿ ತಿರುಗಬೇಕೆಂದರೆ ಆ ವಾರ ತಪ್ಪಿಸಿ.

ಅಲ್ಫಾಮಾದಲ್ಲಿ ಮುದ್ದಾದ ಮನೆ ಕಡಿಮೆ ಬಾಡಿಗೆಗೆ ಸಿಗ್ತಾ ಇದೆ. ಬುಕ್ ಮಾಡ್ಲಾ?

ಮೊದಲು ವಿಳಾಸ ಓದಿ. ನಾನು ಮೊದಲ ಸಲ ಹೋದಾಗ ಬುಕ್ ಮಾಡಿದ ಮನೆಯ ವಿಳಾಸ ‘ಎಶ್ಕದೀನ್ಯಶ್’ ಎಂದು ಶುರುವಾಗುತ್ತಿತ್ತು. ಆ ಪದಕ್ಕೆ ‘ಸಣ್ಣ ಮೆಟ್ಟಿಲುಗಳು’ ಎಂದರ್ಥ. ಅದು ಬೀದಿಯೇ ಅಲ್ಲ, ಬೀದಿಯಷ್ಟು ಉದ್ದದ ಮೆಟ್ಟಿಲು. ಟ್ಯಾಕ್ಸಿ ಕೆಳಗೆ ನಿಂತಿತು, ಚಾಲಕ ಮೇಲೆ ಕೈ ತೋರಿಸಿದ. 72 ಮೆಟ್ಟಿಲು ಹತ್ತಿದ ಮೇಲೆ ಬಾಗಿಲು, ಬಾಗಿಲಿನ ಒಳಗೆ ಇನ್ನೂ ಮೂರು ಮಹಡಿ, ಲಿಫ್ಟ್ ಇಲ್ಲ. ಕೈಯಲ್ಲಿ 23 ಕಿಲೋ ಸೂಟ್‌ಕೇಸ್. ಮನೆಯವರ ವಿವರಣೆಯಲ್ಲಿ ‘ಹಳೆಯ ಊರಿನ ಹೃದಯ’ ಎಂದಿತ್ತು, ಮೆಟ್ಟಿಲಿನ ಸುದ್ದಿ ಇರಲಿಲ್ಲ. ನಾಲ್ಕು ದಿನದಲ್ಲಿ ಸಂಜೆ ಮನೆಗೆ ಬಂದವರು ಮತ್ತೆ ಊಟಕ್ಕೆ ಇಳಿಯಲೇ ಇಲ್ಲ.

ಆದ್ದರಿಂದ ಮೂರು ವಿಷಯ ಕೇಳಿ: ಕಾರು ಬಾಗಿಲಿಗೆ ಬರುತ್ತದೆಯೇ, ಎಷ್ಟನೇ ಮಹಡಿ, ಲಿಫ್ಟ್ ಇದೆಯೇ. ಮೊದಲ ಸಲ ಹೋಗುವವರಿಗೆ, ಹಿರಿಯರು ಮಕ್ಕಳು ಇರುವವರಿಗೆ ನಾನು ಹೇಳುವುದು ಬಾಯ್ಶಾ, ಇಲ್ಲವೇ ಮೆಟ್ರೋ ಪಕ್ಕದ ಸಲ್ದಾನ್ಯಾ ಕಡೆ. (ಮಂಗಳೂರಿನವರಿಗೆ ಈ ಹೆಸರು ಗೊತ್ತು. ಅಲ್ಲಿ ಮನೆತನದ ಹೆಸರಾಗಿರುವ ಸಲ್ದಾನ್ಹಾ ಇಲ್ಲಿ ಮೆಟ್ರೋ ನಿಲ್ದಾಣ.) ಸಲ್ದಾನ್ಯಾ ನೋಡಲು ಸಾಧಾರಣ, ಆದರೆ ಬೀದಿಗಳು ಸಮತಟ್ಟು, ವಿಮಾನ ನಿಲ್ದಾಣದ ಮೆಟ್ರೋ ಮಾರ್ಗವೇ ಅಲ್ಲಿಗೆ ಬರುತ್ತದೆ. ಅಲ್ಫಾಮಾವನ್ನು ಹಗಲಿನಲ್ಲಿ ಬರಿಗೈಯಲ್ಲಿ ನೋಡಿ, ಆಗ ಅದು ನಿಜಕ್ಕೂ ಮುದ್ದು.

## ಊರೊಳಗಿನ ಓಡಾಟ

ಏರ್‌ಪೋರ್ಟ್‌ನಿಂದ ಊರಿಗೆ ಹೇಗೆ?

ವಿಮಾನ ನಿಲ್ದಾಣ ಊರಿನೊಳಗೇ ಇದೆ. ಕೆಂಪು ಮೆಟ್ರೋ ಅಲ್ಲಿಂದಲೇ ಹೊರಡುತ್ತದೆ. ಬಾಯ್ಶಾಗೆ ಹೋಗುವವರು ಅಲಮೇದಾದಲ್ಲಿ ಹಸಿರು ಮಾರ್ಗಕ್ಕೆ ಬದಲಿಸಬೇಕು. ಮೆಟ್ರೋ ಬೆಳಗ್ಗೆ 6:30ರಿಂದ ರಾತ್ರಿ 1ರವರೆಗೆ ಇದೆ. ನಡುರಾತ್ರಿ ಇಳಿದರೆ, ಅಥವಾ ಮೂರು ನಾಲ್ಕು ಜನ ದೊಡ್ಡ ಪೆಟ್ಟಿಗೆಗಳ ಜೊತೆ ಇದ್ದರೆ, ಊಬರ್ ಅಥವಾ ಬೋಲ್ಟ್ ತೆಗೆದುಕೊಳ್ಳಿ. ಜಗಳವಿಲ್ಲದೆ ಮನೆ ಬಾಗಿಲು ಸೇರುತ್ತೀರಿ.

ದಿನದ ಪಾಸ್ ತಗೊಳ್ಳೋದೋ, ಕಾರ್ಡಿಗೆ ದುಡ್ಡು ತುಂಬಿಸೋದೋ? ಒಂದೇ ಕಾರ್ಡಲ್ಲಿ ಇಬ್ಬರು ಹೋಗಬಹುದಾ?

ಇಬ್ಬರು ಒಂದೇ ಕಾರ್ಡಿನಲ್ಲಿ ಹೋಗುವಂತಿಲ್ಲ. ತಲೆಗೊಂದು ‘ನವೆಗಾಂತ್’ ಕಾರ್ಡ್ ಬೇಕು, ಬೆಲೆ 50 ಸೆಂಟ್. ಮೆಟ್ರೋ ಯಂತ್ರದಲ್ಲಿ ಸಿಗುತ್ತದೆ. ಅದಕ್ಕೆ ದುಡ್ಡು ತುಂಬಿಸಿ ಹೋದಷ್ಟಕ್ಕೆ ಕಡಿತವಾಗುವ ಪದ್ಧತಿಯ ಹೆಸರು ‘ಝ್ಯಾಪಿಂಗ್’.

ಲೆಕ್ಕ ಹೀಗಿದೆ. ಬಿಡಿ ಟಿಕೆಟ್ 1.85 ಯೂರೋ. ಝ್ಯಾಪಿಂಗ್‌ನಲ್ಲಿ 1.66. ಮೆಟ್ರೋ, ಬಸ್ಸು, ಟ್ರಾಮು ಎಲ್ಲ ಸೇರಿದ 24 ಗಂಟೆಯ ಪಾಸು 7 ಯೂರೋ. ನಾಲ್ಕು ಓಡಾಟಕ್ಕೆ ಝ್ಯಾಪಿಂಗ್ 6.64, ಐದಕ್ಕೆ 8.30. ಅಂದರೆ ದಿನಕ್ಕೆ ಐದು ಸಲ ಹತ್ತುವವರಿಗೆ ಪಾಸು, ನಾಲ್ಕರ ತನಕ ಝ್ಯಾಪಿಂಗ್. ಒಂದೇ ಗುಡ್ಡದ ದಿನಕ್ಕೆ ಸಾಮಾನ್ಯವಾಗಿ ಮೂರು ನಾಲ್ಕೇ ಆಗುತ್ತದೆ.

ಪಾಸಿನ ಗಂಟೆ ಓಡುವುದು ಮೊದಲ ಸಲ ಯಂತ್ರಕ್ಕೆ ತಾಗಿಸಿದಾಗಿನಿಂದ. ಸಂಜೆ 4ಕ್ಕೆ ತಾಗಿಸಿದರೆ ಮರುದಿನ ಸಂಜೆ 4ರವರೆಗೆ. ಬಂದಿಳಿದ ಸಂಜೆ ಶುರು ಮಾಡಿದರೆ ಎರಡು ಅರ್ಧ ದಿನ ಒಂದೇ ಪಾಸಿನಲ್ಲಿ ಮುಗಿಯುತ್ತದೆ. ಝ್ಯಾಪಿಂಗ್ ದುಡ್ಡು ಇರುವ ಕಾರ್ಡಿಗೆ ಪಾಸು ಹಾಕಲಾಗುವುದಿಲ್ಲ, ಎರಡೂ ಬೇಕಾದವರು ಎರಡು ಕಾರ್ಡ್ ಇಟ್ಟುಕೊಳ್ಳಿ, ಮೇಲೆ ಪೆನ್ನಿನಲ್ಲಿ ಗುರುತು ಹಾಕಿ. ಮೆಟ್ರೋದಲ್ಲಿ ಹೊರಬರುವಾಗಲೂ ಕಾರ್ಡ್ ತಾಗಿಸಬೇಕು, ಒಳಗೆ ಬಂದ ಮೇಲೆ ಚೀಲದ ತಳಕ್ಕೆ ಹಾಕಬೇಡಿ.

ಟ್ರಾಮಿನೊಳಗೆ ಚಾಲಕನ ಹತ್ತಿರ ನಗದು ಕೊಟ್ಟು ಕೊಂಡರೆ ಮೂರು ಯೂರೋ ದಾಟುತ್ತದೆ, ಅಂದರೆ ಹೆಚ್ಚು ಕಡಿಮೆ ಇಮ್ಮಡಿ. ನಮ್ಮವರ ದುಡ್ಡು ಹೆಚ್ಚು ಸೋರುವುದು ಇಲ್ಲೇ.

28ನೇ ನಂಬರ್ ಟ್ರಾಮ್ ಹತ್ತಲೇಬೇಕಂತೆ, ಹೌದಾ?

ಒಂದು ಸಲ ಹತ್ತಿ, ಅದು ನಿಜಕ್ಕೂ ಬೇರೆಲ್ಲೂ ಸಿಗದ ಓಡಾಟ. ಮಾರ್ತಿಂ ಮೊನೀಶ್‌ನಿಂದ ಹೊರಟು ಗ್ರಾಸಾ, ಅಲ್ಫಾಮಾ, ಬಾಯ್ಶಾ, ಶಿಯಾದು, ಎಶ್ತ್ರೇಲಾ ದಾಟಿ ಕಾಂಪು ದಿ ಓರೀಕ್‌ವರೆಗೆ ಹೋಗುತ್ತದೆ. ಹಳಿಯ ಅಗಲ 900 ಮಿಲಿಮೀಟರ್ ಮಾತ್ರ. ಕೆಲವು ಕಡೆ ಏರು ಎಷ್ಟೆಂದರೆ 100 ಮೀಟರಿಗೆ 13 ಮೀಟರಿಗೂ ಮಿಗಿಲು. ಹಲ್ಲುಚಕ್ರವಿಲ್ಲದೆ, ಹಗ್ಗವಿಲ್ಲದೆ, ಬರೀ ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಆ ಏರನ್ನು ಹತ್ತುತ್ತದೆ. ಅಲ್ಫಾಮಾದ ಒಂದು ತಿರುವಿನಲ್ಲಿ ದಾರಿ ಎಷ್ಟು ಇಕ್ಕಟ್ಟೆಂದರೆ ನಡೆದು ಬರುತ್ತಿದ್ದ ಅಜ್ಜಿಯೊಬ್ಬರು ತರಕಾರಿ ಚೀಲವನ್ನು ಎದೆಗೆ ಎತ್ತಿಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಂತರು. ಟ್ರಾಮು ಅವರ ಸೀರೆಯ, ಅಲ್ಲ ಲಂಗದ, ಅಂಚಿಗೆ ಒಂದು ಗೇಣು ದೂರದಲ್ಲಿ ಹೋಯಿತು. ಅವರು ತಲೆ ಎತ್ತಿ ಕೂಡ ನೋಡಲಿಲ್ಲ.

ಹತ್ತು ಗಂಟೆಯ ಮೇಲೆ ಮಾರ್ತಿಂ ಮೊನೀಶ್‌ನಲ್ಲಿ ಸರತಿ ಒಂದು ಗಂಟೆಯೂ ಆಗುತ್ತದೆ, ಹತ್ತಿದ ಮೇಲೆ ನಿಂತೇ ಹೋಗಬೇಕು. ಬೆಳಗ್ಗೆ 8ರೊಳಗೆ ಹೋಗಿ, ಅಥವಾ ಇನ್ನೊಂದು ತುದಿಯಿಂದ, ಅಂದರೆ ಕಾಂಪು ದಿ ಓರೀಕ್‌ನ ಪ್ರಜೇರಿಶ್ ನಿಲ್ದಾಣದಿಂದ ಹತ್ತಿ. ಇದು ಜೇಬುಗಳ್ಳರ ಇಷ್ಟದ ಟ್ರಾಮು ಕೂಡ. ಪಾಸ್‌ಪೋರ್ಟ್ ಕೋಣೆಯಲ್ಲಿರಲಿ, ಫೋನು ಹಿಂದಿನ ಜೇಬಿನಲ್ಲಿ ಬೇಡ. ಹಳೆಯ ಟ್ರಾಮಿನ ಅನುಭವ ಸಾಕು ಎನ್ನುವವರಿಗೆ 24 ಮತ್ತು 12 ಇವೆ. ಅದೇ ಹಳದಿ ಬಂಡಿ, ಕೂರಲು ಜಾಗ ಸಿಗುವ ಸಂಭವ ಹೆಚ್ಚು.

ಇಳಿಜಾರಲ್ಲಿ ಓಡೋ ಆ ಹಳದಿ ಫ್ಯೂನಿಕ್ಯುಲರ್ ಅಪಘಾತ ಆಯ್ತಲ್ಲ, ಈಗ ಹತ್ತಬಹುದಾ?

2025ರ ಸೆಪ್ಟೆಂಬರ್ 3ರಂದು ಗ್ಲೋರಿಯಾ ಫ್ಯೂನಿಕ್ಯುಲರ್ ಹಳಿ ತಪ್ಪಿ 16 ಜನ ತೀರಿಕೊಂಡರು. ಎರಡು ಬಂಡಿಗಳನ್ನು ಒಂದಕ್ಕೊಂದು ಬಿಗಿದಿದ್ದ ಉಕ್ಕಿನ ಹಗ್ಗ ಕಿತ್ತುಬಂದಿತ್ತು. ಮೇಲಿನ ಬಂಡಿ ಹತೋಟಿ ತಪ್ಪಿ ತಿರುವಿನ ಕಟ್ಟಡಕ್ಕೆ ಅಪ್ಪಳಿಸಿತು. ಊರಿನವರಿಗೆ ಅದು 1885ರಿಂದ ಜೊತೆಗಿದ್ದ ಬಂಡಿ. ಅದಾದ ಮೇಲೆ ಉಳಿದ ಫ್ಯೂನಿಕ್ಯುಲರ್‌ಗಳನ್ನೂ ತಪಾಸಣೆಗೆಂದು ನಿಲ್ಲಿಸಿದರು. ನೀವು ಹೋಗುವ ವಾರ ಯಾವುದು ಓಡುತ್ತಿದೆ ಎಂದು ಸಾರಿಗೆ ಸಂಸ್ಥೆ ‘ಕಾರಿಶ್’ನ ಪುಟದಲ್ಲಿ ನೋಡಿ. ಯೋಜನೆಯನ್ನು ಅವುಗಳ ಮೇಲೆ ನಿಲ್ಲಿಸಬೇಡಿ. ಗ್ಲೋರಿಯಾ ಹತ್ತಿಸುತ್ತಿದ್ದ ಜಾಗಕ್ಕೆ 758ನೇ ಬಸ್ಸು ನದಿ ದಂಡೆಯ ಕಾಯ್ಶ್ ದು ಸೊದ್ರೆ ನಿಲ್ದಾಣದಿಂದ ಹೋಗುತ್ತದೆ. ಆ ಬೀದಿಯ ಬುಡಕ್ಕೆ ಹೋದರೆ ಸೆಲ್ಫಿಗೆ ಮುಂಚೆ ಒಂದು ನಿಮಿಷ ಸುಮ್ಮನೆ ನಿಲ್ಲಿ.

ದುಡ್ಡು ಕೊಡದೆ ಗುಡ್ಡ ಹತ್ತೋ ದಾರಿಗಳಿವೆ ಅಂತ ಯಾರೋ ಹೇಳಿದ್ರು. ನಿಜವಾ?

ನಿಜ, ಇದನ್ನು ಹೇಳಲು ನನಗೆ ಬಲು ಇಷ್ಟ.

ಕೋಟೆಯ ಕಡೆಗೆ: ಬಾಯ್ಶಾದ ರುಆ ದುಶ್ ಫಾಂಕೇರುಶ್ ಬೀದಿಯಲ್ಲಿ 170-178ನೇ ನಂಬರಿನ ಕಟ್ಟಡ. ಹೊರಗಿನಿಂದ ಸಾದಾ ಹಳೆಯ ಮನೆ, ಒಳಗೆ ಊರಿನವರ ಲಿಫ್ಟ್. ಮೇಲಿನ ಬಾಗಿಲು ತೆರೆದರೆ ನೀವು ರುಆ ದಾ ಮದಲೇನಾದಲ್ಲಿದ್ದೀರಿ. ಅಲ್ಲಿಂದ ಚೌಕ ದಾಟಿ ಸ್ವಲ್ಪ ನಡೆದರೆ ಶಾಂವ್ ದು ಲೋರೇರು ಎಂಬ ಹಳೆಯ ಮಾರುಕಟ್ಟೆ ಕಟ್ಟಡ. ಈಗ ಕೆಳಗೆ ಸೂಪರ್ ಮಾರ್ಕೆಟ್, ಮೇಲೆಲ್ಲ ಕಾರು ನಿಲ್ಲಿಸುವ ಮಹಡಿಗಳು, ಗೋಡೆ ತುಂಬ ಚಿತ್ರ. ಅದರ ಲಿಫ್ಟ್ ಕೋಟೆಯ ಗೋಡೆಯ ಹತ್ತಿರದ ಬೀದಿಗೆ ಬಿಡುತ್ತದೆ. ಎರಡು ಲಿಫ್ಟ್, ಖರ್ಚು ಸೊನ್ನೆ. ಆಫೀಸಿನಿಂದ ಬರುವವರು, ಹಾಲು ಬ್ರೆಡ್ಡು ಹಿಡಿದವರು ನಿಮ್ಮ ಜೊತೆ ಹತ್ತುತ್ತಾರೆ. ರಾತ್ರಿ ಮುಚ್ಚುತ್ತವೆ, ಹಗಲಿನಲ್ಲಿ ಬಳಸಿ.

ಶಿಯಾದು ಕಡೆಗೆ: ಬಾಯ್ಶಾ-ಶಿಯಾದು ಮೆಟ್ರೋ ನಿಲ್ದಾಣ ಗುಡ್ಡದ ಹೊಟ್ಟೆಯಲ್ಲಿದೆ. ಒಂದು ಬಾಗಿಲು ತಗ್ಗಿನ ರುಆ ದು ಕ್ರುಸಿಫಿಕ್ಸು ಬೀದಿಗೆ, ಇನ್ನೊಂದು ಮೇಲಿನ ಶಿಯಾದು ಚೌಕಕ್ಕೆ. ನಡುವೆ ಒಂದರ ಮೇಲೊಂದು ಎಸ್ಕಲೇಟರ್. ಟಿಕೆಟ್ ಗೇಟು ದಾಟದೆಯೇ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಏಳಬಹುದು. ವಿನ್ಯಾಸ ಆಲ್ವಾರು ಸೀಜಾ ಎಂಬ ಹೆಸರಾಂತ ವಾಸ್ತುಶಿಲ್ಪಿಯದು, ಬಿಳಿ ಹೆಂಚು ಹೊದಿಸಿದ ಸುರಂಗದ ಅಂದವನ್ನೂ ನೋಡಿಕೊಂಡು ಹೋಗಿ.

ಶಿಯಾದು ತಲುಪಿದ ಮೇಲೆ ಕಾರ್ಮು ಚೌಕಕ್ಕೆ ಐದು ನಿಮಿಷ. ಭೂಕಂಪದಲ್ಲಿ ಸೂರು ಕಳೆದುಕೊಂಡ ಮಠದ ಕಮಾನುಗಳು ಇಂದಿಗೂ ಆಕಾಶಕ್ಕೆ ತೆರೆದುಕೊಂಡಿವೆ. ಪಕ್ಕದ ಜಗಲಿಯಿಂದ ಸಾಂತಾ ಜುಶ್ತಾ ಲಿಫ್ಟಿನ ಮೇಲ್ತುದಿ ಕಾಣುತ್ತದೆ. 1902ರ ಕಬ್ಬಿಣದ ಗೋಪುರ, 45 ಮೀಟರ್ ಎತ್ತರ, 2025ರಲ್ಲಿ ಕೆಳಗಿನ ಸರತಿಯಲ್ಲಿ ನಿಂತವರು ಆರು ಯೂರೋ ಆಸುಪಾಸು ಕೊಡುತ್ತಿದ್ದರು. ಜಗಲಿಯಿಂದ ನೋಡಿದರೆ ನೋಟ ಹೆಚ್ಚು ಕಡಿಮೆ ಅದೇ. ಅಷ್ಟು ದುಡ್ಡಿಗೆ ನಾಲ್ಕು ‘ಪಾಶ್ತೆಲ್ ದಿ ನಾತಾ’, ಅಂದರೆ ಕೆನೆಬಟ್ಟಲು ತಿಂಡಿ, ಬರುತ್ತದೆ.

ಮಾರ್ತಿಂ ಮೊನೀಶ್ ಚೌಕದಿಂದ ಮೌರರೀಯಾ ಏರಿಗೂ ಬಯಲಿನಲ್ಲೇ ಎಸ್ಕಲೇಟರ್ ಹಾಕಿದ್ದಾರೆ, ‘ಎಶ್ಕದೀನ್ಯಶ್ ದಾ ಸೌದಿ’ ಎಂದು ಹುಡುಕಿ.

ಮ್ಯಾಪಲ್ಲಿ 300 ಮೀಟರ್ ಅಂತ ತೋರಿಸ್ತು, ಹೋದ್ರೆ ಜೀವ ಹೋಯ್ತು. ಮೊದಲೇ ಗೊತ್ತಾಗೋದು ಹೇಗೆ?

ಬೀದಿಯ ಹೆಸರೇ ಹೇಳುತ್ತದೆ. ‘ರುಆ’ ಎಂದರೆ ಬೀದಿ, ಹೇಗೂ ಇರಬಹುದು. ‘ಕಲ್ಸಾದಾ’ ಎಂದಿದ್ದರೆ ಸಾಮಾನ್ಯವಾಗಿ ಕಡಿದಾದ ಕಲ್ಲುಹಾಸಿನ ಏರು. ‘ಎಶ್ಕದೀನ್ಯಶ್’ ಮೆಟ್ಟಿಲು. ‘ತ್ರವೇಸಾ’ ಅಡ್ಡಬೀದಿ. ‘ಬೇಕು’ ಎಂದರೆ ಸಂದಿ, ಮುಂದೆ ದಾರಿ ಇಲ್ಲದಿರಬಹುದು (ನಮ್ಮ ಕನ್ನಡದ ‘ಬೇಕು’ ಎಂದು ಓದಿ ಒಳಗೆ ಹೋಗಬೇಡಿ). ‘ಲಾರ್ಗು’ ಸಣ್ಣ ಚೌಕ, ಉಸಿರು ತೆಗೆದುಕೊಳ್ಳುವ ಜಾಗ. ‘ಮಿರಾದೋರು’ ಎಂದರೆ ನೋಟದ ಕಟ್ಟೆ, ಅಲ್ಲಿಗೆ ಹೋಗುವ ದಾರಿ ಏರೇ. ಮಲೆನಾಡಿನವರು ‘ದಿಣ್ಣೆ’, ‘ಘಟ್ಟ’ ಎಂದಾಗ ಕಾಲಿಗೆ ಮೊದಲೇ ಅರ್ಥವಾಗುತ್ತದಲ್ಲ, ಇಲ್ಲಿನವರಿಗೆ ಈ ಪದಗಳು ಹಾಗೆ.

ಮ್ಯಾಪಿನಲ್ಲಿ ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಹಾಕಿ ನೋಡಿ. ನಿಮಿಷಗಳಲ್ಲಿ ವ್ಯತ್ಯಾಸ ಹೆಚ್ಚಿದ್ದರೆ ಒಂದು ಕಡೆ ಏರು ಇದೆ. ಕಡಿಮೆ ನಿಮಿಷದ ದಿಕ್ಕಿನಲ್ಲಿ ನಡೆಯಿರಿ.

ಚಪ್ಪಲಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಾದಚಾರಿ ದಾರಿಗಳು ಸುಣ್ಣಕಲ್ಲಿನ ಸಣ್ಣ ತುಂಡುಗಳಿಂದ ಮಾಡಿದವು. ದಶಕಗಟ್ಟಲೆ ತುಳಿದು ನುಣ್ಣಗಾಗಿವೆ. ನಾಲ್ಕು ಹನಿ ಬಿದ್ದರೆ ಸಾಬೂನು ನೀರು ಚೆಲ್ಲಿದ ಬಚ್ಚಲಿನ ಹಾಗೆ. ತಳದಲ್ಲಿ ಗೀರು ಆಳವಾಗಿರುವ ಶೂ ಹಾಕಿ. ಹೊಸ ಶೂ ಬೇಡ, ಮನೆಯಲ್ಲಿ ಎರಡು ವಾರ ಹಾಕಿ ಪಳಗಿಸಿದ್ದು ಇರಲಿ.

ಅಮ್ಮನಿಗೆ 68 ವರ್ಷ, ಮಂಡಿ ನೋವು. ಕರ್ಕೊಂಡು ಹೋಗೋದಾ, ಬೇಡ್ವಾ?

ಕರೆದುಕೊಂಡು ಹೋಗಿ. ಮಂಡಿ ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಹಾಗಾಗಿ ಮೇಲೆ ಹೇಳಿದ ‘ಇಳಿಜಾರು ಕಾಲಿಗೆ’ ಎಂಬ ಮಾತು ಅವರಿಗೆ ಅನ್ವಯಿಸುವುದಿಲ್ಲ. ಅವರ ಲಿಸ್ಬನ್ ಬೇರೆ: ನದಿ ದಂಡೆ. ಕಾಯ್ಶ್ ದು ಸೊದ್ರೆಯಿಂದ ತೆರೇರು ದು ಪಾಸು ಚೌಕದವರೆಗೆ ನೀರಿನ ಪಕ್ಕ ಸಮತಟ್ಟು ದಾರಿ, ಕೂರಲು ಜಾಗ. ಊರಿನ ಪಶ್ಚಿಮದ ಬೆಲೆಂ ಭಾಗ ಪೂರ್ತಿ ಸಮತಟ್ಟು, 15ನೇ ಟ್ರಾಮು ಹೊಸ ಮಾದರಿಯದು, ಹತ್ತುವ ಮೆಟ್ಟಿಲು ತಗ್ಗು. 1998ರ ವಿಶ್ವ ಪ್ರದರ್ಶನಕ್ಕೆ ಕಟ್ಟಿದ ಪಾರ್ಕ್ ದಶ್ ನಸೋಂಯ್ಶ್ ಭಾಗವೂ ಹಾಗೆಯೇ, ಅಲ್ಲಿನ ಮತ್ಸ್ಯಾಲಯದಲ್ಲಿ ಮಕ್ಕಳೂ ಅಜ್ಜಿಯರೂ ಮೈಮರೆಯುತ್ತಾರೆ.

ಕೋಟೆಗೆ 737ನೇ ಬಸ್ಸು ಪ್ರಾಸಾ ದಾ ಫಿಗೇರಾದಿಂದ ಬಾಗಿಲ ತನಕ ಹೋಗುತ್ತದೆ, ಅದರಲ್ಲೇ ವಾಪಸು ಬನ್ನಿ. ನಾನು ಅಮ್ಮನನ್ನು ಕರೆದೊಯ್ದಾಗ ದಿನಕ್ಕೊಂದು ಟ್ಯಾಕ್ಸಿಗೆಂದು 8 ಯೂರೋ ಬೇರೆಯೇ ಎತ್ತಿಟ್ಟಿದ್ದೆ. ಪ್ರತಿ ಸಂಜೆ ಆರಕ್ಕೆ, ಸಾಕು ಎನ್ನುವ ಮುಂಚೆ ಕಾರು ಕರೆಯುತ್ತಿದ್ದೆ. ಆ ಪ್ರವಾಸದಲ್ಲಿ ಅತಿ ಸಾರ್ಥಕವಾದ ಖರ್ಚು ಅದು.

## ಊಟ, ದುಡ್ಡು

ನಾವು ಶುದ್ಧ ಸಸ್ಯಾಹಾರಿ. ಮೀನಿನ ಊರಲ್ಲಿ ಏನು ತಿನ್ನೋದು?

ಎರಡು ಮಾತು ಬಾಯಿಪಾಠ ಮಾಡಿ: ‘ಸೆಂ ಕಾರ್ನ್, ಸೆಂ ಪೇಯ್ಶ್’, ಮಾಂಸ ಬೇಡ, ಮೀನು ಬೇಡ. ಎರಡನ್ನೂ ಹೇಳಬೇಕು, ಮೀನು ಮಾಂಸವಲ್ಲ ಎಂದು ತಿಳಿಯುವವರಿದ್ದಾರೆ. ಮೊಟ್ಟೆ ‘ಓವು’. ಹಸಿರು ಸೊಪ್ಪಿನ ಸಾರು ‘ಕಾಲ್ದು ವೆರ್ದ್’ ನೋಡಲು ನಮ್ಮದೇ ಎನ್ನಿಸುತ್ತದೆ, ಆದರೆ ಮೇಲೆ ಹಂದಿಮಾಂಸದ ಬಿಲ್ಲೆ ಹಾಕುತ್ತಾರೆ. ‘ಪಾಶ್ತೆಲ್ ದಿ ನಾತಾ’ ಎಂಬ ಕೆನೆಬಟ್ಟಲಿನಲ್ಲಿ ಮೊಟ್ಟೆಯ ಹಳದಿ ಇದೆ.

ಮೆನು ಕಾರ್ಡ್ ನೋಡಿ ಹೆದರಬೇಡಿ. ಬತಾತಾ ಎಂದರೆ ಕರಾವಳಿಯ ಬಟಾಟೆ. ಅನನಾಶ್ ನಮ್ಮ ಅನಾನಸು. ಪಾಂವ್ ಎಂದರೆ ಪಾವು. ಚಾವಿ, ಪಾದ್ರಿ, ಅಲಮಾರಿ ಇವೂ ಅದೇ ಹಡಗಿನಲ್ಲಿ ನಮ್ಮಲ್ಲಿಗೆ ಬಂದ ಪದಗಳು.

ಮಾರ್ತಿಂ ಮೊನೀಶ್ ಸುತ್ತ ಭಾರತ, ಬಾಂಗ್ಲಾ, ನೇಪಾಳದವರ ಅಂಗಡಿ ಹೋಟೆಲುಗಳಿವೆ, ಬೇಳೆ ಅಕ್ಕಿ ಉಪ್ಪಿನಕಾಯಿ ಎಲ್ಲ ಸಿಗುತ್ತದೆ. ಲುಮಿಯಾರ್ ಕಡೆ ರಾಧಾಕೃಷ್ಣ ದೇವಸ್ಥಾನವಿದೆ. 1970ರ ದಶಕದಲ್ಲಿ ಮೊಜಾಂಬಿಕ್ ಸ್ವತಂತ್ರವಾದ ಹೊತ್ತಿಗೆ ಅಲ್ಲಿಂದ ಬಂದ ಗುಜರಾತಿ ಕುಟುಂಬಗಳು ಕಟ್ಟಿಕೊಂಡ ಸಮುದಾಯ ಅದು. ಅಲ್ಲಿನ ಸಸ್ಯಾಹಾರಿ ಊಟದ ಮನೆಗೆ ಊರಿನ ಪೋರ್ಚುಗೀಸರೂ ಬಂದು ಉಣ್ಣುತ್ತಾರೆ.

ಕೇಳದೇ ಬ್ರೆಡ್ಡು ಆಲಿವ್ ತಂದಿಟ್ರು, ಬಿಲ್ಲಲ್ಲಿ ಹಾಕಿದ್ರು. ಇದು ಮೋಸ ಅಲ್ವಾ?

ಅದು ಅಲ್ಲಿನ ರೂಢಿ, ಹೆಸರು ‘ಕುವೇರ್’. ಮುಟ್ಟದಿದ್ದರೆ ದುಡ್ಡಿಲ್ಲ, ಬೇಡವೆಂದರೆ ನಗುತ್ತಲೇ ತೆಗೆದುಕೊಂಡು ಹೋಗುತ್ತಾರೆ. ಹಸಿದಿದ್ದರೆ ತಿನ್ನಿ, ಬ್ರೆಡ್ಡು ಚೆನ್ನಾಗಿರುತ್ತದೆ. ದೊಡ್ಡ ಊಟ ಮಧ್ಯಾಹ್ನ ಮಾಡಿ. ‘ಪ್ರಾತು ದು ದಿಯಾ’ ಎಂದು ಬರೆದಿರುವ ದಿನದ ಊಟ ಸಾಧಾರಣ ಜಾಗದಲ್ಲಿ ಹತ್ತು ಹನ್ನೆರಡು ಯೂರೋ. ಕಟ್ಟೆಯ ಮುಂದೆ ನಿಂತು ಕುಡಿಯುವ ಸಣ್ಣ ಕಾಫಿ, ಅಲ್ಲಿನವರ ‘ಬೀಕಾ’, ಒಂದು ಯೂರೋ ಆಸುಪಾಸು. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ.

ಕಾರ್ಡ್ ಸಾಕಾ, ನಗದು ಬೇಕಾ?

ದಿನಕ್ಕೆ ಇಪ್ಪತ್ತು ಯೂರೋ ನಗದು ಇರಲಿ. ಸಣ್ಣ ಅಂಗಡಿಗಳು ಕೆಲವೊಮ್ಮೆ ಸ್ಥಳೀಯ ಕಾರ್ಡ್ ಮಾತ್ರ ತೆಗೆದುಕೊಳ್ಳುತ್ತವೆ. ಬ್ಯಾಂಕುಗಳ ‘ಮುಲ್ತಿಬಾಂಕು’ ಗುರುತಿನ ಎಟಿಎಂ ಬಳಸಿ. ಯಂತ್ರವು ರೂಪಾಯಿಯಲ್ಲಿ ಕಡಿತ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ, ಯೂರೋದಲ್ಲೇ ಆಗಲಿ. ‘ಹೌದು’ ಒತ್ತಿದರೆ ಅವರ ದರ ನಿಮ್ಮ ತಲೆಗೆ.

## ಎರಡನೇ ಸಲ ಯೋಚಿಸುವವರಿಗೆ

ಲಿಶ್ಬೋಆ ಕಾರ್ಡ್ ತಗೊಂಡ್ರೆ ಉಳಿತಾಯ ಆಗುತ್ತಾ?

ಓಡಾಟವೂ ಹಲವು ಜಾಗಗಳ ಟಿಕೆಟ್ಟೂ ಸೇರಿದ ಪ್ರವಾಸಿ ಕಾರ್ಡ್ ಅದು. 24 ಗಂಟೆಯದು 31 ಯೂರೋ. ಓಡಾಟಕ್ಕೆ 7 ಕಳೆದರೆ ಉಳಿದ 24 ಯೂರೋದಷ್ಟು ಟಿಕೆಟ್ಟುಗಳನ್ನು ಆ ಒಂದು ದಿನದಲ್ಲಿ ನೋಡಬೇಕು. ಬೆಲೆಂನ ಜೆರೊನಿಮುಶ್ ಮಠ ಒಂದೇ 18 ಯೂರೋ, ಜೊತೆಗೆ ಇನ್ನೊಂದು ವಸ್ತುಸಂಗ್ರಹಾಲಯ, ಅರಮನೆಗಳ ಊರಾದ ಸಿಂತ್ರಾಕ್ಕೆ ಹೋಗುವ ರೈಲು ಸೇರಿದರೆ ಲಾಭ. ಮ್ಯೂಸಿಯಂಗಳನ್ನು ಓಡಿ ಓಡಿ ನೋಡುವುದು ನಿಮ್ಮ ಜಾಯಮಾನವಲ್ಲದಿದ್ದರೆ ಬೇಡ. ಈ ಊರಿನಲ್ಲಿ ನನಗೆ ಹೆಚ್ಚು ಕೊಟ್ಟ ಜಾಗಗಳಿಗೆ ಟಿಕೆಟ್ಟೇ ಇರಲಿಲ್ಲ: ಸೆನ್ಯೋರಾ ದು ಮೋಂತ್ ಕಟ್ಟೆಯ ಸಂಜೆ, ಮಂಗಳವಾರ ಶನಿವಾರದ ಫೇರಾ ದಾ ಲಾದ್ರಾ ಹಳೆ ಸಾಮಾನಿನ ಸಂತೆ.

ವಾಸ್ಕೋ ಡ ಗಾಮನ ಸಮಾಧಿ ನೋಡೋಕೆ ಟಿಕೆಟ್ ಬೇಕಾ? ಹೋಗೋದೇ ಸರಿಯಾ ಅನ್ನೋದು ಇನ್ನೊಂದು ಪ್ರಶ್ನೆ.

ಸಮಾಧಿ ಜೆರೊನಿಮುಶ್ ಚರ್ಚಿನೊಳಗೆ, ಬಾಗಿಲ ಹತ್ತಿರವೇ ಇದೆ. ಟಿಕೆಟ್ ಇರುವುದು ಪಕ್ಕದ ಮಠದ ಅಂಗಳಕ್ಕೆ, ಚರ್ಚಿಗೆ ಪ್ರವೇಶ ಉಚಿತ. ಸೋಮವಾರ ಮುಚ್ಚಿರುತ್ತದೆ.

ಹೋಗುವುದು ಸರಿಯೇ ಎಂದರೆ, ಹೋಗಿ, ತಿಳಿದು ಹೋಗಿ. 1497ರ ಜುಲೈನಲ್ಲಿ ಈ ದಂಡೆಯಿಂದ ಹೊರಟವನು ಮರುವರ್ಷ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದ. ಆ ದಾರಿಯಲ್ಲಿ ಬಂದವರ ಜೊತೆಗೆ ನಮ್ಮ ಅಡುಗೆಮನೆಗೆ ಮೆಣಸಿನಕಾಯಿ, ಗೇರುಬೀಜ ಬಂದವು, ಕರಾವಳಿಗೆ ಫಿರಂಗಿಯೂ ಬಂತು. ಉಳ್ಳಾಲದ ರಾಣಿ ಅಬ್ಬಕ್ಕ ಕಾದಾಡಿದ್ದು ಇದೇ ದಂಡೆಯಿಂದ ಹೊರಟ ಹಡಗುಗಳ ವಿರುದ್ಧ. ಸಮಾಧಿಯ ಮೇಲೆ ಕಲ್ಲಿನ ಮನುಷ್ಯ ಕೈಮುಗಿದು ಮಲಗಿದ್ದಾನೆ. ನಾನು ನಿಂತಾಗ ನೆನಪಾದದ್ದು ಉಳ್ಳಾಲದ ಕಡಲು.

ಸಿಂತ್ರಾಗೆ ಒಂದು ದಿನ ಸಾಕಾ? ಎಷ್ಟಾಗುತ್ತೆ?

ಒಂದು ದಿನ ಸಾಕು, ಎರಡು ಅರಮನೆ ಸಾಕು. ರೊಸ್ಸಿಯು ನಿಲ್ದಾಣದಿಂದ ರೈಲು, 40 ನಿಮಿಷ, ಒಂದು ಕಡೆಗೆ ಎರಡೂವರೆ ಯೂರೋ ಆಸುಪಾಸು, ಝ್ಯಾಪಿಂಗ್ ಕಾರ್ಡೇ ನಡೆಯುತ್ತದೆ. ಅಲ್ಲಿ ಗುಡ್ಡಕ್ಕೆ ಹೋಗುವ 434 ಬಸ್ಸಿಗೆ ಮಾತ್ರ ಲಿಸ್ಬನ್ನಿನ ಪಾಸು ನಡೆಯುವುದಿಲ್ಲ, ಬೇರೆ ಟಿಕೆಟ್. ಪೇನಾ ಅರಮನೆ 20 ಯೂರೋ, ಟಿಕೆಟ್ಟಿನಲ್ಲಿ ಬರೆದ ಹೊತ್ತಿಗೆ ಅರಮನೆ ಬಾಗಿಲಲ್ಲಿ ಇರಬೇಕು. ಉದ್ಯಾನದ ಗೇಟಿನಿಂದ ಆ ಬಾಗಿಲಿಗೆ ಅರ್ಧ ಗಂಟೆ ಏರು ನಡಿಗೆ. ಇದನ್ನು ಲೆಕ್ಕ ಹಿಡಿಯದೆ ಹೊತ್ತು ತಪ್ಪಿಸಿಕೊಂಡವರು ಬಹಳ. ಹೊರಡುವ ಮುನ್ನ ‘ಗ್ರೆವ್’ ಎಂಬ ಪದ ಸುದ್ದಿಯಲ್ಲಿದೆಯೇ ನೋಡಿ, ಮುಷ್ಕರ ಎಂದರ್ಥ. ರೈಲು ಮುಷ್ಕರ ಅಲ್ಲಿ ಅಪರೂಪವಲ್ಲ.

ಕೊನೇ ದಿನ ಸಂಜೆ ಖಾಲಿ ಇದೆ, ಜೇಬಲ್ಲಿ ಐದೇ ಯೂರೋ ಉಳಿದಿದೆ. ಏನು ಮಾಡಲಿ?

ಕಾಯ್ಶ್ ದು ಸೊದ್ರೆಗೆ ಹೋಗಿ ಕಸೀಲ್ಯಶ್ ಎಂದು ಬರೆದಿರುವ ದೋಣಿ ಹತ್ತಿ. ಹೋಗುವುದು ಎರಡು ಯೂರೋ ಒಳಗೆ, ಬರುವುದೂ ಅಷ್ಟೇ, ಹತ್ತು ನಿಮಿಷ. ಕೆಲಸ ಮುಗಿಸಿ ಮನೆಗೆ ಹೋಗುವವರ ದೋಣಿ ಅದು. ತಲೆ ಬಾಗಿಸಿ ಫೋನು ನೋಡುವವರ ನಡುವೆ ಕಿಟಕಿ ಪಕ್ಕ ಜಾಗ ಹಿಡಿಯಿರಿ, ಊರಿಗೆ ಮುಖ ಮಾಡಿ ಕೂರಿ. ನೀರಿನ ಮೇಲೆ ದೂರ ಹೋದಂತೆ ತಗ್ಗಿನ ಹಳದಿ ಚೌಕ, ಎಡಕ್ಕೆ ಶಿಯಾದು, ಬಲಕ್ಕೆ ಕೋಟೆ, ಅದರ ಹಿಂದೆ ಗ್ರಾಸಾ, ನೀವು ಕಾಲಿನಲ್ಲಿ ಅಳೆದದ್ದೆಲ್ಲ ಒಂದೇ ಸಾಲಿನಲ್ಲಿ ಎದ್ದು ನಿಲ್ಲುತ್ತದೆ. ಬಲಗಡೆ ಕೋಟೆಯ ಕೆಳಗೆ ಒಂದು ಬಿಳಿ ಗೋಡೆಯ ಮನೆ ಇದೆ, 72 ಮೆಟ್ಟಿಲಿನದು. ನಾನು ಪ್ರತಿ ಸಲವೂ ಮೊದಲು ಅದನ್ನೇ ಹುಡುಕುತ್ತೇನೆ.